ಕೋಡಿಂಗ್ ಗಂಧಗಾಳಿ ಇಲ್ಲದವಳು ನೇರವಾಗಿ ಕೋಬಾಲ್‌ಗೆ ಇಳಿಯಬಹುದಾ?

ಸೀತಾಂಗೋಳಿ_ಕಾಮರ್ಸ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆಯವಳು. ಹತ್ತನೇವರೆಗೆ ಕನ್ನಡ ಮಾಧ್ಯಮ, ಪ್ಲಸ್ ಟು ಕಾಮರ್ಸ್, ಆಮೇಲೆ ಬಿ.ಕಾಂ. ಈಗ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟ್ಯಾಲಿ ಗೊತ್ತು, ಎಕ್ಸೆಲ್ ಚೆನ್ನಾಗಿಯೇ ಗೊತ್ತು. ಪ್ರೋಗ್ರಾಮಿಂಗ್ ಮಾತ್ರ ಸೊನ್ನೆ.

ಚೆನ್ನೈಯಲ್ಲಿ ಕೆಲಸದಲ್ಲಿರುವ ದೊಡ್ಡಮ್ಮನ ಮಗ ಮೊನ್ನೆ ಊರಿಗೆ ಬಂದಿದ್ದ. ಅವರ ಟೀಮಿನಲ್ಲಿ ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರುವ ಹಿರಿಯರೆಲ್ಲ ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದಾರಂತೆ. ಹೊಸಬರು ಆ ಕಡೆ ತಲೆ ಹಾಕುವುದಿಲ್ಲವಂತೆ. "ನಿನಗೆ ಲೆಕ್ಕ ಗೊತ್ತುಂಟು, ಅದೇ ಅರ್ಧ ಕೆಲಸ, ಇದನ್ನು ಕಲಿ" ಅಂದ. ಹೇಳಿ ಅವನು ರೈಲು ಹತ್ತಿದ. ಈಗ ತಲೆ ಕೆಡಿಸಿಕೊಂಡವಳು ನಾನು.

ಕೇಳಬೇಕಾದದ್ದು ಇಷ್ಟು. ಮೊದಲ ಭಾಷೆಯಾಗಿ ಇಷ್ಟು ಹಳೆಯದನ್ನು ಕಲಿಯುವುದರಲ್ಲಿ ಅರ್ಥ ಉಂಟಾ? ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದಾ, ದೊಡ್ಡ ಮಷೀನು ಬೇಕಾ? ನನ್ನ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಇದೆ, ಮಾತಾಡುವಷ್ಟಿಲ್ಲ. ಸಾಕಾ?

"ಪೈಥಾನ್ ಕಲಿ" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ ದಯವಿಟ್ಟು. ಅದನ್ನು ಎಲ್ಲರೂ ಹೇಳಿ ಆಗಿದೆ.

ಮಂಜೇಶ್ವರ_ಟು_ಮಾರತ್ತಹಳ್ಳಿ

ಒಂದೇ ಸಾಲಿನಲ್ಲಿ ಮುಗಿಸುವುದಿಲ್ಲ, ನಾಲ್ಕು ಸಾಲು ಬರೆಯುತ್ತೇನೆ. ಆದರೂ ಹೇಳುವುದು ಅದನ್ನೇ.

ಕೋಬಾಲ್ ಹುಟ್ಟಿದ್ದು 1959ರಲ್ಲಿ. ಅದೇನು ತಪ್ಪಲ್ಲ. ಆದರೆ ಇವತ್ತು ಹೊಸದಾಗಿ ಕಲಿಯುವವರಿಗೆ ಬೇಕಾದ ವಿಡಿಯೋ, ಉದಾಹರಣೆ, ಪ್ರಶ್ನೆಗೆ ಉತ್ತರ ಕೊಡುವ ಜನ, ಎಲ್ಲ ಪೈಥಾನ್ ಕಡೆ ಜಾಸ್ತಿ. ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳುತ್ತೀರಿ? 1975ರಷ್ಟು ಹಿಂದೆಯೇ ಡೈಕ್‌ಸ್ಟ್ರಾ ಅನ್ನುವ ದೊಡ್ಡ ಕಂಪ್ಯೂಟರ್ ವಿಜ್ಞಾನಿ, ಕೋಬಾಲ್ ಕಲಿಸುವುದನ್ನು ಕ್ರಿಮಿನಲ್ ಅಪರಾಧ ಅಂತಲೇ ಪರಿಗಣಿಸಬೇಕು ಎಂದು ಬರೆದಿದ್ದಾರೆ. ಅದಕ್ಕಿಂತ ಮುಖ್ಯ, 2023ರಲ್ಲಿ ಐಬಿಎಂ ತಾನೇ ಕೋಬಾಲ್ ಕೋಡನ್ನು ಜಾವಾ ಭಾಷೆಗೆ ಬದಲಾಯಿಸಲು ನೆರವಾಗುವ ಎಐ ಸಾಧನವನ್ನು ಘೋಷಿಸಿತು. ಕೋಬಾಲ್ ಹೆಚ್ಚಾಗಿ ಓಡುವ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್ ಮಾರುವ ಕಂಪನಿಯೇ ಹೊರಗೆ ಹೋಗುವ ದಾರಿ ತೋರಿಸುತ್ತಿರುವಾಗ ನೀವು ಒಳಗೆ ಬರುತ್ತೀರಾ?

ನಿವೃತ್ತ_ಬದಿಯಡ್ಕ

ಮಾರತ್ತಹಳ್ಳಿಯವರು ಹೇಳಿದ ಮೂರೂ ನಿಜ. ಆದರೆ ಮೂರಕ್ಕೂ ಉತ್ತರ ಉಂಟು.

ನಾನು ಮುಂಬೈಯಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವ. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ಬ್ಯಾಂಕುಗಳಿಗೆ ಕಂಪ್ಯೂಟರ್ ಬರತೊಡಗಿದ ಕಾಲ ಅದು. ನಮ್ಮಲ್ಲಿ ಪ್ರೋಗ್ರಾಮಿಂಗ್ ಕಲಿತವರಲ್ಲಿ ಅರ್ಧಕ್ಕರ್ಧ ಜನ ಕ್ಲಾರ್ಕುಗಳು. ಬಿ.ಕಾಂ.ನವರೇ. ಕೌಂಟರ್‌ನಲ್ಲಿ ಕೂತು ಲೆಡ್ಜರ್ ಬರೆದು ಬಂದವರು. ಪರೀಕ್ಷೆ ಬರೆದು ಒಳಗೆ ಬಂದ ಎಂಜಿನಿಯರ್‌ಗಳಿಗಿಂತ ಅವರು ಬೇಗ ಕಲಿತರು. ಯಾಕೆಂದರೆ ಕೋಬಾಲ್ ಮಾಡಿದ್ದೇ ಅಂಥವರ ಕೆಲಸಕ್ಕೆ. ಗ್ರೇಸ್ ಹಾಪರ್ ಅನ್ನುವ ಕಂಪ್ಯೂಟರ್ ವಿಜ್ಞಾನಿಯ ಫ್ಲೋ-ಮ್ಯಾಟಿಕ್ ಭಾಷೆ ಅದರ ತಾಯಿಬೇರು. ಗಣಿತದ ಚಿಹ್ನೆ ಬೇಡ, ವ್ಯವಹಾರದವರು ಓದಿದರೆ ಅರ್ಥವಾಗುವ ಮಾತಿನಲ್ಲಿ ಬರೆಯಬೇಕು ಅನ್ನುವುದು ಆಕೆಯ ಹಟ. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಮತ್ತು ಯುನಿವ್ಯಾಕ್, ಎರಡು ಬೇರೆ ಬೇರೆ ಕಂಪನಿಗಳ ಯಂತ್ರದಲ್ಲಿ ಓಡಿತು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಯಂತ್ರ ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಬರೆಯಬೇಕಿತ್ತು.

ಡೈಕ್‌ಸ್ಟ್ರಾ ಬೈದದ್ದು ಆ ಕಾಲದ ಕೋಬಾಲನ್ನು. ಎಲ್ಲಿಂದ ಎಲ್ಲಿಗೋ ಹಾರುವ ಗೋ-ಟು, ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಇಫ್. ಬೈದದ್ದು ಸರಿಯೇ. 1985ರ ಸ್ಟ್ಯಾಂಡರ್ಡ್‌ನಲ್ಲಿ (ಭಾಷೆಯ ಅಧಿಕೃತ ನಿಯಮಗಳಲ್ಲಿ) ಇಫ್ ಇಲ್ಲಿಗೆ ಮುಗಿಯಿತು ಅಂತ ಹೇಳುವ ಎಂಡ್-ಇಫ್ ಬಂತು, ಹಲವು ಆಯ್ಕೆಯಲ್ಲಿ ಒಂದನ್ನು ಹಿಡಿಯುವ ಇವ್ಯಾಲ್ಯುಯೇಟ್ ಬಂತು. ನೀವು ಕಲಿಯುವುದು ಅದರ ನಂತರದ್ದನ್ನು. ಕೊನೆಯ ಸ್ಟ್ಯಾಂಡರ್ಡ್ ಬಂದದ್ದು 2023ರಲ್ಲಿ, ಮೊನ್ನೆ ಮೊನ್ನೆ.

ಎಐ ವಿಷಯ: ಕೋಡು ಬದಲಾಯಿಸಿದ ಮೇಲೆ ಹಳೆಯದು ಕೊಡುತ್ತಿದ್ದ ಲೆಕ್ಕವೇ ಹೊಸದರಲ್ಲೂ ಬರುತ್ತದಾ ಅಂತ ನೋಡುವವರು ಯಾರು? ಹಳೆಯದನ್ನು ಓದಲು ಬರುವವರು ತಾನೇ.

ಇನ್ನು ಭಾಷೆಯ ವಿಷಯ ಮಗಳೇ. ಒಂದು ಕೋಬಾಲ್ ಪ್ರೋಗ್ರಾಂನಲ್ಲಿ ನಾಲ್ಕು ಡಿವಿಷನ್. ಐಡೆಂಟಿಫಿಕೇಶನ್, ಎನ್ವಿರಾನ್ಮೆಂಟ್, ಡೇಟಾ, ಪ್ರೊಸೀಜರ್. ಮೊದಲನೆಯದು ಹೆಸರು, ಎರಡನೆಯದು ಯಾವ ಫೈಲು ಎಲ್ಲಿದೆ ಅನ್ನುವುದು. ಮೂರನೆಯದರಲ್ಲಿ ಯಾವ ಅಂಕಿ ಎಷ್ಟು ಅಂಕೆಯದ್ದು, ಎಷ್ಟು ಪೈಸೆ, ಯಾವ ಹೆಸರು ಎಷ್ಟು ಅಕ್ಷರ ಅಂತ ಎಲ್ಲ ಮೊದಲೇ ಹೇಳಿಬಿಡಬೇಕು. ಕೊನೆಯದರಲ್ಲಿ ಕೆಲಸ. ನಿಮ್ಮ ಅಂಗಡಿಯ ಚೀಟಿಪುಸ್ತಕದಲ್ಲಿ ತೂಕ, ದರ, ಮೊತ್ತ ಅಂತ ಗೆರೆ ಎಳೆದು ಮನೆ ಮಾಡಿಟ್ಟ ಮೇಲೆಯೇ ಬರೆಯುವುದಲ್ವಾ? ಡೇಟಾ ಡಿವಿಷನ್ ಅಂದರೆ ಅದೇ. ಪೈಥಾನ್ ಕಲಿತು ಬಂದವರಿಗೆ ಇದು ಉಸಿರು ಕಟ್ಟಿಸುತ್ತದೆ. ಲೆಕ್ಕ ಬರೆದವರಿಗೆ ಮನೆಗೆ ಬಂದ ಹಾಗೆ ಇರುತ್ತದೆ.

ಹೊಸೂರು_ಸಿಪ್ಪಲಸ್

ಹಳೆಯದೇ ಬೇಕಿದ್ದರೆ ಸಿ ಕಲಿಯಿರಿ. 1972ರದ್ದು, ಅದೂ ಹಳೆಯದೇ.

ಸೀತಾಂಗೋಳಿ_ಕಾಮರ್ಸ್

ಸರ್, ಸಿ ಕಲಿತರೆ ನನಗೆ ಯಾರು ಕೆಲಸ ಕೊಡುತ್ತಾರೆ, ಅದನ್ನೂ ಹೇಳಿ.

ಹೊಸೂರು_ಸಿಪ್ಪಲಸ್

ಅದು ಸರಿ. ಹಿಂದೆ ತಗೊಂಡೆ.

ಜತ್ತದ_ಗೆಳೆಯ

ನಾನು ಜತ್ತದಾಂವ, ಸಾಂಗ್ಲಿ ಜಿಲ್ಲಾ. ಪುಣೆಯಲ್ಲಿ ಮೇನ್‌ಫ್ರೇಮ್ ಸಪೋರ್ಟ್‌ನಲ್ಲಿದ್ದೇನೆ. ಕೆಲಸದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳ್ತೀನಿ ನೋಡ್ರಿ.

ಮೊದಲನೇ ಮಾತು, ಭಾಷೆ ಸಣ್ಣದ್ರೀ. ಸುತ್ತ ಇರೋದು ದೊಡ್ಡದು. ಮೇನ್‌ಫ್ರೇಮ್‌ನಲ್ಲಿ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಜೆಸಿಎಲ್ ಅಂತ ಇನ್ನೊಂದು ಬರೆದು, ಈ ಪ್ರೋಗ್ರಾಂ ಓಡಿಸು, ಈ ಫೈಲು ಕೊಡು, ಔಟ್‌ಪುಟ್ ಅಲ್ಲಿ ಹಾಕು ಅಂತ ಹೇಳಬೇಕು. ಫೈಲುಗಳಿಗೆ ವಿಸ್ಯಾಮ್, ಡೇಟಾಬೇಸ್‌ಗೆ ಡಿಬಿ2, ಸ್ಕ್ರೀನಿಗೆ ಸಿಐಸಿಎಸ್. ನಮ್ಮಲ್ಲಿ ಇಂಟರ್ವ್ಯೂಗೆ ಬಂದವರು ಕೋಬಾಲ್ ಪಟಪಟ ಹೇಳುತ್ತಾರೆ, ಜೆಸಿಎಲ್ ಕೇಳಿದರೆ ಗಪ್. ಅಲ್ಲೇ ಸೋಲೋದು.

ಎರಡನೇದು, ಇಲ್ಲಿಯ ಕೋಬಾಲ್ ಕೆಲಸ ಬಹುಪಾಲು ಹೊರದೇಶದ ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳದ್ದು. ಚೆನ್ನೈ, ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಕೂತು ಮಾಡೋದು. ಅಂದರೆ ಊರು ಬಿಡಬೇಕು, ರಾತ್ರಿ ಪಾಳಿಯೂ ಬರುತ್ತದೆ. ರಾತ್ರಿ ಎರಡಕ್ಕೆ ಫೋನು: ಬ್ಯಾಚ್ ಜಾಬ್ (ಒಟ್ಟಿಗೆ ಓಡಿಸುವ ಲೆಕ್ಕದ ಕೆಲಸ) ಅಬೆಂಡ್ ಆಗಿದೆ, ಅಂದರೆ ಅರ್ಧಕ್ಕೇ ನಿಂತಿದೆ, ಕೋಡ್ ಎಸ್ ಜೀರೋ ಸಿ ಸೆವೆನ್. ಅದರ ಅರ್ಥ, ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಅಲ್ಲದ್ದು ಕೂತಿದೆ. ಯಾರೋ ಕಳಿಸಿದ ಫೈಲಿನಲ್ಲಿ ಮೊತ್ತದ ಜಾಗ ಖಾಲಿ ಬಿಟ್ಟಿರುತ್ತಾರೆ, ಪ್ರೋಗ್ರಾಂ ಅದನ್ನು ಕೂಡಲು ಹೋಗಿ ಬೀಳುತ್ತದೆ. ಲಕ್ಷಾಂತರ ರೆಕಾರ್ಡಿನಲ್ಲಿ ಆ ಒಂದನ್ನು ಹುಡುಕಬೇಕು. ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ನಿದ್ದೆ ಮಾಡದವರಿಗೆ ಇದು ಒಗ್ಗುತ್ತದೆ. ತಂಗೀ, ನಿಮಗೆ ಒಗ್ಗಬಹುದು ಅಂತ ನನಗೆ ಅನಿಸುತ್ತದೆ.

ಮೂರನೇದು ಕಹಿ. ಹೊಸಬರನ್ನು ತಗೊಳ್ಳುವಾಗ ದೊಡ್ಡ ಕಂಪನಿಗಳು ಡಿಗ್ರಿ ನೋಡುತ್ತವೆ. ನಮ್ಮಲ್ಲಿ ಬಿ.ಎಸ್ಸಿ., ಬಿಸಿಎ ತಗೊಂಡಿದ್ದಾರೆ, ಬಿ.ಕಾಂ. ನಾನು ಕಂಡಿಲ್ಲ. ನಿಮ್ಮ ಅಣ್ಣನ ಕಂಪನಿಯಲ್ಲಿ ಬಿ.ಕಾಂ.ನವರಿಗೆ ಅರ್ಜಿ ಹಾಕಲಿಕ್ಕೆ ಬರುತ್ತದಾ ಅಂತ ಅವನನ್ನೇ ಮೊದಲು ಕೇಳ್ರಿ. "ಕಲಿ" ಅಂತ ಹೇಳುವುದು ಸುಲಭ.

ಮಂಜೇಶ್ವರ_ಟು_ಮಾರತ್ತಹಳ್ಳಿ

ಕೊನೆಯ ಪ್ಯಾರಾ ಬಂಗಾರ.

ಸೀತಾಂಗೋಳಿ_ಕಾಮರ್ಸ್

ಕೇಳಿದೆ ಅಣ್ಣಾ. ಅವರಲ್ಲಿ ಬಿ.ಕಾಂ.ನವರನ್ನು ಮೊದಲು ಟೆಸ್ಟಿಂಗ್ ಕಡೆಗೆ ತಗೊಂಡದ್ದುಂಟಂತೆ. ಪ್ರೋಗ್ರಾಂ ಬರೆಯಲು ಅಲ್ಲ, ಬಂದ ಲೆಕ್ಕ ಸರಿಯಾ ಅಂತ ತಾಳೆ ನೋಡಲು. ಅಲ್ಲಿಂದ ಒಳಗೆ ದಾಟಿದವರು ಇದ್ದಾರಂತೆ. ಗ್ಯಾರಂಟಿ ಏನೂ ಇಲ್ಲ ಅಂತಲೂ ಹೇಳಿದ. ಅಂಗಡಿ ಕೆಲಸ ಬಿಡುವುದಿಲ್ಲ, ಸಂಜೆ ಹೊತ್ತು ಕಲಿಯುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಐಟಿ_ಟೀಚರ್_ಮುಳ್ಳೇರಿಯ

ನಿಮಗೆ ಗೊತ್ತಿಲ್ಲದೆಯೇ ಒಂದು ಅನುಕೂಲ ಆಗಿದೆ. ಕೇರಳದ ಶಾಲೆಯಲ್ಲಿ ಓದಿದವರಲ್ವಾ? ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತಂದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು, ಈಗ ಅದು ಕೈಟ್. ನಮ್ಮ ಲ್ಯಾಬ್‌ಗಳಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕೈ ಆಡಿಸಿದವರು. ಬೇರೆ ಕಡೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಕಂಡರೆ ಓಡುವ ಜನ ಇದ್ದಾರೆ. ನೀವು ಓಡುವುದಿಲ್ಲ ಅಂತ ನನ್ನ ನಂಬಿಕೆ.

ಹಳೇ ಲ್ಯಾಪ್‌ಟಾಪಿಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿ. ಗ್ನೂಕೋಬಾಲ್ ಅಂತ ಉಚಿತ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸುವಂತೆ ಮಾಡುವ ಸಾಧನ) ಇದೆ. ಮೊದಲು ಅದರ ಹೆಸರು ಓಪನ್‌ಕೋಬಾಲ್. ಟರ್ಮಿನಲ್‌ನಲ್ಲಿ ಆಪ್ಟ್ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಬರುತ್ತದೆ. ಅದು ನಿಮ್ಮ ಕೋಬಾಲನ್ನು ಒಳಗೊಳಗೇ ಸಿ ಭಾಷೆಗೆ ತಿರುಗಿಸಿ ಆಮೇಲೆ ಕಂಪೈಲ್ ಮಾಡುತ್ತದೆ. (ಹೊಸೂರಿನವರು ಸಮಾಧಾನ ಮಾಡಿಕೊಳ್ಳಲಿ.) ಕಂಪೈಲ್ ಮಾಡುವ ಕಮಾಂಡ್ ಕೋಬ್‌ಸಿ, ಜೊತೆಗೆ ಮೈನಸ್ ಎಕ್ಸ್, ಆಮೇಲೆ ಫೈಲಿನ ಹೆಸರು.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಕೋಬಾಲ್‌ನಲ್ಲಿ ಕಾದಿಟ್ಟ ಪದಗಳು (ಭಾಷೆ ತನಗೇ ಅಂತ ಇಟ್ಟುಕೊಂಡವು) ನೂರಾರು ಇವೆ, ಅದು ಹೌದು. ಶುರುವಿಗೆ ಬೇಕಾದದ್ದು ಮೂವ್, ಆಡ್, ಕಂಪ್ಯೂಟ್, ಇಫ್, ಪರ್ಫಾರ್ಮ್, ಡಿಸ್ಪ್ಲೇ, ರೀಡ್, ರೈಟ್. ಇವಿಷ್ಟರಲ್ಲಿ ಒಂದು ಬಿಲ್ ಪ್ರೋಗ್ರಾಂ ಆಗುತ್ತದೆ.

ಸೀತಾಂಗೋಳಿ_ಕಾಮರ್ಸ್

ಟೀಚರ್, ಹಾಕಿದೆ. ಒಂದೇ ಸಾಲು "ನಮಸ್ಕಾರ" ಅಂತ ಬರುವ ಪ್ರೋಗ್ರಾಂ ಬರೆದೆ. ಮೊದಲ ಸಾಲಿಗೇ ತಕರಾರು. ಏಳನೇ ಕಾಲಂನಲ್ಲಿ "ಎಫ್" ಅನ್ನುವ ಇಂಡಿಕೇಟರ್ ಸರಿಯಿಲ್ಲ ಅಂತ ಹೇಳುತ್ತದೆ. ನಾನು ಎಲ್ಲಿಯೂ ಒಂಟಿ ಎಫ್ ಹಾಕಿಯೇ ಇಲ್ಲ. ಪುಸ್ತಕ ನೋಡಿ ಅಕ್ಷರಕ್ಕೆ ಅಕ್ಷರ ಹೊಡೆದದ್ದು.

ನಿವೃತ್ತ_ಬದಿಯಡ್ಕ

ಹಾಕಿದ್ದೀರಿ ಮಾರಾಯ್ರೆ, ನೋಡಿ. ಮೊದಲ ಸಾಲು ಐಡೆಂಟಿಫಿಕೇಶನ್ ಡಿವಿಷನ್. ಇಂಗ್ಲಿಷ್ ಅಕ್ಷರ ಬೆರಳು ಮಡಚಿ ಎಣಿಸಿ. ಐ, ಡಿ, ಇ, ಎನ್, ಟಿ, ಐ, ಎಫ್. ಏಳನೆಯದು ಎಫ್!

ಕೋಬಾಲ್ ಹುಟ್ಟಿದಾಗ ಪ್ರೋಗ್ರಾಂ ಬರೆಯುತ್ತಿದ್ದದ್ದು ತೂತು ಹೊಡೆದ ಕಾರ್ಡಿನಲ್ಲಿ. ಒಂದು ಕಾರ್ಡು, ಒಂದು ಸಾಲು, 80 ಕಾಲಂ. ಮೊದಲ ಆರು ಕಾಲಂ ಕಾರ್ಡಿನ ನಂಬರಿಗೆ. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಸಾಲಾಗಿ ಜೋಡಿಸಬೇಕಲ್ಲ, ಅದಕ್ಕೆ. ಏಳನೆಯದು ಗುರುತಿಗೆ. ಅಲ್ಲಿ ನಕ್ಷತ್ರ ಹಾಕಿದರೆ ಆ ಸಾಲು ಬರೀ ಟಿಪ್ಪಣಿ. 8ರಿಂದ 11 ಎ ಏರಿಯಾ, ಡಿವಿಷನ್‌ನಂಥ ತಲೆಬರಹ ಅಲ್ಲಿ ಶುರುವಾಗಬೇಕು. 12ರಿಂದ 72 ಬಿ ಏರಿಯಾ, ನಿಜವಾದ ಕೆಲಸ ಅಲ್ಲಿ. 72 ದಾಟಿದ್ದನ್ನು ಕಂಪೈಲರ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಬೈಯುವುದೂ ಇಲ್ಲ. ಉದ್ದ ಸಾಲು ಬರೆದು ಕೊನೆಯ ಅಂಕೆ 73ಕ್ಕೆ ಬಿದ್ದು ದಿನವಿಡೀ ಹುಡುಕಿದವರನ್ನು ನಾನು ಬಲ್ಲೆ.

ಕಾರ್ಡು ಹೋಯಿತು, ನಿಯಮ ಉಳಿಯಿತು. ಕೋಬ್‌ಸಿ ಜೊತೆ ಮೈನಸ್ ಫ್ರೀ ಅಂತ ಸೇರಿಸಿದರೆ ಈ ಕಾಲಂ ಕಟ್ಟುಪಾಡು ಇಲ್ಲ. ಆದರೆ ನನ್ನ ಮಾತು ಕೇಳಿ, ಸೇರಿಸಬೇಡಿ. ಏಳು ಜಾಗ ಬಿಟ್ಟೇ ಬರೆದು ಅಭ್ಯಾಸ ಮಾಡಿ. ಕೆಲಸಕ್ಕೆ ಹೋದಲ್ಲಿ ಕಾಣುವ ಕೋಡೆಲ್ಲ ಹಾಗೆಯೇ ಇರುವುದು.

ಜತ್ತದ_ಗೆಳೆಯ

ಸರ್ ಹೇಳಿದ್ದಕ್ಕೆ ನೂರಕ್ಕೆ ನೂರು. ಫ್ರೀ ಬ್ಯಾಡ್ರೀ.

ಆದೋನಿ_ಹತ್ತಿ

ಮಧ್ಯದಲ್ಲಿ ಬರ್ತಿದ್ದೇನೆ, ಕ್ಷಮಿಸಿ. ಇಲ್ಲಿಂದ ತುಂಬ ಜನ ಹೈದರಾಬಾದಿನ ಅಮೀರ್‌ಪೇಟೆಗೆ ಕೋರ್ಸ್ ಮಾಡಲು ಹೋಗುತ್ತಾರೆ. ನಾನೂ ಹೋಗಿದ್ದೆ. ಅಕ್ಕಾ, ಮೇನ್‌ಫ್ರೇಮ್ ಕೋರ್ಸ್ ಅಂತ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಕೊಡುವ ಮುಂಚೆ ಎರಡು ವಿಷಯ ಗೊತ್ತಿರಲಿ. ಐಬಿಎಂನ ಝಡ್ ಎಕ್ಸ್‌ಪ್ಲೋರ್ ಅನ್ನುವ ಕಲಿಕೆಯ ತಾಣ ಉಚಿತ. ಇಮೇಲ್ ಕೊಟ್ಟು ಸೇರಿದರೆ ನಿಜವಾದ ಮೇನ್‌ಫ್ರೇಮ್‌ನಲ್ಲಿ ಒಂದು ಖಾತೆ ಕೊಡುತ್ತಾರೆ, ವಿಎಸ್ ಕೋಡ್ ಅನ್ನುವ ಕೋಡ್ ಬರೆಯುವ ಸಾಧನದಿಂದ ಒಳಗೆ ಹೋಗಬಹುದು. ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್‌ನವರ ಕೋಬಾಲ್ ಕೋರ್ಸ್ ಕೂಡ ಉಚಿತ. ಇವೆರಡೂ ಇರುವಾಗ ದುಡ್ಡು ಯಾತಕ್ಕೆ?

ಇನ್ನೊಂದು. "ಎರಡು ವರ್ಷ ಅನುಭವ ಹಾಕಿ ಕೊಡ್ತೀವಿ" ಅನ್ನುವವರು ಸಿಗುತ್ತಾರೆ. ನನಗೂ ಸಿಕ್ಕಿದ್ದರು. ಅಲ್ಲಿಂದ ಎದ್ದು ಬನ್ನಿ.

ಸೀತಾಂಗೋಳಿ_ಕಾಮರ್ಸ್

ಧನ್ಯವಾದ ತಮ್ಮಾ, ದುಡ್ಡು ಉಳಿಸಿದಿ.

ಏಳು ಜಾಗ ಬಿಟ್ಟು ಬರೆದೆ, ನಮಸ್ಕಾರ ಬಂತು! ಈಗ ನಮ್ಮ ಅಂಗಡಿಯ ಬಿಲ್ ಮಾಡಲು ಹೊರಟಿದ್ದೇನೆ. ಓದಲು ಸುಲಭ ಆಗಲಿ ಅಂತ ಕನ್ನಡ ಅಕ್ಷರದಲ್ಲಿ ಹಾಕುತ್ತೇನೆ, ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಇಂಗ್ಲಿಷ್. ಪಿಕ್ ಅಂದರೆ ಆ ಮನೆಯ ಅಳತೆ: ಎಕ್ಸ್ ಅಕ್ಷರಕ್ಕೆ, 9 ಅಂಕೆಗೆ, ವಿ ದಶಮಾಂಶದ ಚುಕ್ಕೆಗೆ. ಎದುರಿನ 01, 05 ಯಾವುದರೊಳಗೆ ಯಾವುದು ಅನ್ನುವ ಲೆವೆಲ್ ನಂಬರ್.

01 ಬಿಲ್.
  05 ಊರು ಪಿಕ್ ಎಕ್ಸ್(20).
  05 ತೂಕ ಪಿಕ್ 9(4)ವಿ999.
  05 ದರ ಪಿಕ್ 9(4)ವಿ99.
  05 ಮೊತ್ತ ಪಿಕ್ 9(7)ವಿ99.

ಕಂಪ್ಯೂಟ್ ಮೊತ್ತ = ತೂಕ * ದರ.

ತೂಕ 37.650 ಕಿಲೋ, ದರ 421.50 ಕೊಟ್ಟೆ. ಉತ್ತರ 0015869.47 ಬಂತು. ಅಂಗಡಿಯ ಕ್ಯಾಲ್ಕುಲೇಟರ್ 15869.475 ಅನ್ನುತ್ತದೆ, ನಾವು ಬಿಲ್ಲಿನಲ್ಲಿ 48 ಪೈಸೆ ಹಾಕುತ್ತೇವೆ. ಒಂದು ಪೈಸೆ ಎಲ್ಲಿ ಹೋಯಿತು? ಮತ್ತೆ ಎದುರಿನ ಸೊನ್ನೆಗಳನ್ನು ತೆಗೆಯುವುದು ಹೇಗೆ?

ನಿವೃತ್ತ_ಬದಿಯಡ್ಕ

ಒಂದು ಪೈಸೆ ಕೇಳಿದಿರಲ್ಲ, ಸಂತೋಷವಾಯಿತು.

ಮೊತ್ತಕ್ಕೆ ನೀವು ಎರಡೇ ದಶಮಾಂಶ ಸ್ಥಾನ ಕೊಟ್ಟಿದ್ದೀರಿ. ಮೂರನೆಯದು ಬಂದರೆ ಕೋಬಾಲ್ ಕತ್ತರಿಸಿ ಬಿಸಾಡುತ್ತದೆ, ಕೇಳುವುದಿಲ್ಲ. ಕಂಪ್ಯೂಟ್ ಮೊತ್ತ ರೌಂಡೆಡ್ = ತೂಕ * ದರ ಅಂತ ಬರೆಯಿರಿ. 15869.48 ಬರುತ್ತದೆ. ಇದನ್ನು ಮರೆಯಬೇಡಿ, ದಿನಕ್ಕೆ ಸಾವಿರ ಬಿಲ್ ಹಾಕುವಲ್ಲಿ ಸಾವಿರ ಸಲ ಪೈಸೆ ಹೋಗುತ್ತದೆ.

ಎಡಗಡೆಯೂ ಹಾಗೆಯೇ. 9(7) ಅಂದರೆ ಏಳು ಅಂಕೆ. ಒಂದು ಕೋಟಿಯನ್ನು ಅದಕ್ಕೆ ಮೂವ್ ಮಾಡಿದರೆ ಎಂಟನೇ ಅಂಕೆಗೆ ಜಾಗ ಇಲ್ಲ. ಮೊದಲಿನ ಒಂದು ಹೋಗಿ ಉಳಿಯುವುದು ಏಳು ಸೊನ್ನೆ. ಕೋಟಿ ಇದ್ದದ್ದು ಶೂನ್ಯ. ಅದಕ್ಕೇ ಲೆಕ್ಕ ಮಾಡುವಲ್ಲಿ, ಜಾಗ ಸಾಲದಿದ್ದರೆ ಏನು ಮಾಡಬೇಕು ಅಂತ ಹೇಳುವ ಆನ್ ಸೈಜ್ ಎರರ್ ಹಾಕುವುದು.

ವಿ ಅಂದರೆ ಚುಕ್ಕೆ ಇಲ್ಲಿದೆ ಅಂತ ತಿಳಿದುಕೋ ಅನ್ನುವ ಸೂಚನೆ ಮಾತ್ರ. ಅದು ಜಾಗ ತಿನ್ನುವುದಿಲ್ಲ. ಅಚ್ಚು ಹಾಕಲು ಬೇರೆಯೇ ಒಂದು ಮನೆ ಮಾಡಿ:

  05 ಅಚ್ಚು-ಮೊತ್ತ ಪಿಕ್ ಝಡ್ಝಡ್,ಝಡ್ಝಡ್,ಝಡ್ಝಡ್9.99.

ಮೊತ್ತವನ್ನು ಅದಕ್ಕೆ ಮೂವ್ ಮಾಡಿ ಡಿಸ್ಪ್ಲೇ ಮಾಡಿ. ಝಡ್ ಇರುವಲ್ಲಿ ಎದುರಿನ ಸೊನ್ನೆ ಮಾಯ, ಅದರ ಅಲ್ಪವಿರಾಮವೂ ಮಾಯ. 15,869.48 ಅಂತ ಬರುತ್ತದೆ. ಹನ್ನೆರಡು ಲಕ್ಷದ ಬಿಲ್ಲಾದರೆ 12,34,567.50.

ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ಅಮೆರಿಕದವರಿಗೆ ಗೊತ್ತಿರಲಿಲ್ಲ. ಆದರೆ ಅಲ್ಪವಿರಾಮ ಎಲ್ಲಿ ಬೇಕೋ ಅಲ್ಲಿ ನೀವೇ ಇಡಿ ಅಂತ ಬಿಟ್ಟರು ನೋಡಿ, ಹಾಗಾಗಿ ಮುಂಬೈಯಲ್ಲಿ ನಮಗೆ ಒಂದು ದಿನವೂ ತೊಂದರೆ ಆಗಲಿಲ್ಲ.

ಮಂಜೇಶ್ವರ_ಟು_ಮಾರತ್ತಹಳ್ಳಿ

ಇದು ಚೆನ್ನಾಗಿದೆ, ಒಪ್ಪುತ್ತೇನೆ. ಪೈಥಾನ್‌ನಲ್ಲಿ ಸುಲಭದ ದಾರಿ ಹಿಡಿದರೆ ಮೂರು ಮೂರು ಅಂಕೆಗೆ ಅಲ್ಪವಿರಾಮ ಬರುತ್ತದೆ. ಲಕ್ಷಕ್ಕೆ ಬೇರೆ ಸರ್ಕಸ್ ಮಾಡಬೇಕು.

ಪೈಸೆ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಒಳಗೆ ಬೈನರಿಯಲ್ಲಿ ಇಟ್ಟುಕೊಳ್ಳುವುದರಿಂದ ಹಾಗೆ. ದುಡ್ಡಿಗೆ ಡೆಸಿಮಲ್ ಅನ್ನುವ ಮಾಡ್ಯೂಲ್ ಬಳಸಬೇಕು, ಅದು ಪೈಥಾನ್ ಜೊತೆಗೇ ಬರುತ್ತದೆ. ಆದ್ದರಿಂದ "ದುಡ್ಡಿಗೆ ಕೋಬಾಲ್ ಒಂದೇ ಗತಿ" ಅನ್ನುವುದು ಸುಳ್ಳು. ಕೋಬಾಲ್‌ನಲ್ಲಿ ಹುಟ್ಟುಗುಣ, ಪೈಥಾನ್‌ನಲ್ಲಿ ಕೇಳಿ ತಗೊಳ್ಳಬೇಕು. ವ್ಯತ್ಯಾಸ ಅಷ್ಟೇ.

ನಿವೃತ್ತ_ಬದಿಯಡ್ಕ

ಸರಿಯಾಗಿ ಹೇಳಿದಿರಿ. ಕೇಳಲು ಮರೆಯುವವರೇ ಜಾಸ್ತಿ ಅನ್ನುವುದು ಮಾತ್ರ ನನ್ನ ಅನುಭವ.

ಸೀತಾಂಗೋಳಿ_ಕಾಮರ್ಸ್

ಅಲ್ಪವಿರಾಮ ಬಂದದ್ದು ನೋಡಿ ನಮ್ಮ ಧಣಿಗಳೂ ಇಣುಕಿ ನೋಡಿದರು. "ಇದರಲ್ಲಿ ಟ್ಯಾಲಿ ಮಾಡಬಹುದಾ" ಅಂತ ಕೇಳಿದರು. ಸುಮ್ನೆ ನಕ್ಕೆ.

ಹೊಸ ಸಮಸ್ಯೆ. ಊರಿನ ಹೆಸರು ಕನ್ನಡದಲ್ಲಿ ಹಾಕಿದೆ. "ಬೇಳ" ಸರಿ ಬರುತ್ತದೆ. "ಕಾಸರಗೋಡು" ಹಾಕಿದರೆ "ಕಾಸರಗೋ" ಅಂತ ಬಂದು ಆಮೇಲೆ ಒಂದು ಪ್ರಶ್ನಾರ್ಥಕ ಚೌಕ. ಎಕ್ಸ್(20) ಕೊಟ್ಟಿದ್ದೇನೆ, ಹೆಸರು ಐದೇ ಅಕ್ಷರ!

ಹೊಸೂರು_ಸಿಪ್ಪಲಸ್

ಕೊನೆಗೂ ನನಗೆ ಗೊತ್ತಿರುವ ಪ್ರಶ್ನೆ.

ಇಲ್ಲಿ ಎಕ್ಸ್(20) ಅಂದರೆ 20 ಅಕ್ಷರ ಅಲ್ಲ, 20 ಬೈಟ್ (ಕಂಪ್ಯೂಟರ್ ನೆನಪಿನ ಸಣ್ಣ ಮನೆ). ನಿಮ್ಮ ಲಿನಕ್ಸ್‌ನಲ್ಲಿ ಪಠ್ಯ ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿದೆ. ಇಂಗ್ಲಿಷ್ ಅಕ್ಷರಕ್ಕೆ ಅದರಲ್ಲಿ ಒಂದು ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಕಣ್ಣಿಗೆ ಐದು ಅಕ್ಷರ ಕಂಡರೂ ಒಳಗಿರುವುದು ಎಂಟು ಸಂಕೇತ: ಕ, ಅದರ ದೀರ್ಘ, ಸ, ರ, ಗ, ಅದರ ಓ ಸ್ವರಚಿಹ್ನೆ, ಡ, ಅದರ ಕೊಂಬು. ಎಂಟು ಮೂರಲೆ 24. ಇಪ್ಪತ್ತರಲ್ಲಿ ಆರು ಸಂಕೇತ ಹಿಡಿದವು, ಅಂದರೆ 18 ಬೈಟ್, "ಕಾಸರಗೋ". ಉಳಿದ ಎರಡು ಬೈಟ್‌ನಲ್ಲಿ "ಡ"ದ ಮೂರನೇ ಎರಡು ಭಾಗ ಕೂತಿದೆ. ಆ ಚೌಕ ಅದೇ.

ಎಕ್ಸ್(60) ಕೊಟ್ಟುಬಿಡಿ. ಸಾಲಾಗಿ ಅಚ್ಚು ಹಾಕುವಾಗ ಕಾಲಂಗಳು ಆಚೀಚೆ ಆಗುತ್ತವೆ, ಅದಕ್ಕೆ ಸುಲಭದ ಮದ್ದಿಲ್ಲ. ಕಲಿಯುವಷ್ಟು ದಿನ ಊರಿನ ಹೆಸರು ಇಂಗ್ಲಿಷಿನಲ್ಲಿಡಿ ಅಂತ ಹೇಳಲು ಬೇಸರ, ಆದರೂ ಹೇಳುತ್ತೇನೆ.

ಸೀತಾಂಗೋಳಿ_ಕಾಮರ್ಸ್

ಇಡುವುದಿಲ್ಲ. 60 ಕೊಟ್ಟೆ, ಸರಿಯಾಯಿತು.

ಐಟಿ_ಟೀಚರ್_ಮುಳ್ಳೇರಿಯ

ಭೇಷ್.

ನಿವೃತ್ತ_ಬದಿಯಡ್ಕ

ಒಂದು ಪ್ರಶ್ನೆ ಕೊಡುತ್ತೇನೆ, ಓಡಿಸದೆ ಉತ್ತರ ಹೇಳಿ. ತೂಕ 80 ಇದ್ದರೆ ಏನಾಗುತ್ತದೆ?

ಇಫ್ ತೂಕ > 100
   ಆಡ್ 50 ಟು ಮೊತ್ತ.
   ಡಿಸ್ಪ್ಲೇ "ಬೋನಸ್ ಸೇರಿಸಿದೆ".

ಸೀತಾಂಗೋಳಿ_ಕಾಮರ್ಸ್

ತೂಕ ನೂರು ದಾಟಿಲ್ಲ, ಏನೂ ಆಗುವುದಿಲ್ಲ. ಅಲ್ವಾ?

ಮಂಜೇಶ್ವರ_ಟು_ಮಾರತ್ತಹಳ್ಳಿ

ಸಾಲು ಒಳಗೆ ಸರಿಸಿ ಬರೆದದ್ದರಿಂದ ನಾನೂ ಹಾಗೇ ಅಂದುಕೊಂಡೆ.

ಜತ್ತದ_ಗೆಳೆಯ

ಇಲ್ರೀ. ಮೊತ್ತಕ್ಕೆ ಐವತ್ತು ಸೇರುವುದಿಲ್ಲ, ಆದರೆ "ಬೋನಸ್ ಸೇರಿಸಿದೆ" ಅಂತ ಅಚ್ಚಾಗುತ್ತದೆ! ಐವತ್ತರ ಸಾಲಿನ ಕೊನೆಗೆ ಚುಕ್ಕೆ ನೋಡ್ರಿ. ಕೋಬಾಲ್‌ನಲ್ಲಿ ಚುಕ್ಕೆ ಬಿತ್ತು ಅಂದರೆ ಇಫ್ ಅಲ್ಲಿಗೇ ಖತಂ. ಕೆಳಗಿನ ಸಾಲು ಇಫ್‌ಗೆ ಸೇರಿದ್ದಲ್ಲ. ಎಷ್ಟು ಒಳಗೆ ಸರಿಸಿ ಬರೆದರೂ ಕಂಪೈಲರ್‌ಗೆ ಲೆಕ್ಕ ಇಲ್ಲ. ಕಣ್ಣಿಗೆ ಕಾಣದ ಚುಕ್ಕೆಗಾಗಿ ರಾತ್ರಿಯೆಲ್ಲ ಕೂತಿದ್ದೇವೆ ನಾವು. ಎಂಡ್-ಇಫ್ ಹಾಕ್ರಿ, ಮಧ್ಯದಲ್ಲಿ ಚುಕ್ಕೆ ಇಡಬ್ಯಾಡ್ರಿ. ಇದು ಒಂದು.

ಇಂಟರ್ವ್ಯೂಗೆ ಇನ್ನೊಂದು ಹೇಳಿಕೊಡ್ತೀನಿ, ನಿಮ್ಮ ಅಡಿಕೆಯಲ್ಲೇ. ಅಲ್ಲಿ ಜಾತಿ ಬೇರೆ ಬೇರೆ ಇರ್ತಾವಲ್ಲ?

ಸೀತಾಂಗೋಳಿ_ಕಾಮರ್ಸ್

ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ. ಬಿಲ್ಲಿನಲ್ಲಿ ಒಂದೊಂದಕ್ಕೂ ಒಂದು ಅಕ್ಷರದ ಗುರುತು ಹಾಕುತ್ತೇವೆ.

ಜತ್ತದ_ಗೆಳೆಯ

ಝಕಾಸ್. ಆ ಗುರುತಿಗೆ ಪಿಕ್ ಎಕ್ಸ್ ಅಂತ ಒಂದು ಜಾಗ ಮಾಡಿ. ಅದರ ಕೆಳಗೆ 88 ಅಂತ ಲೆವೆಲ್ ನಂಬರ್ ಹಾಕಿ, ಹಳೆ-ಅಡಿಕೆ ವ್ಯಾಲ್ಯೂ 'ಓ', ಕೋಕ ವ್ಯಾಲ್ಯೂ 'ಕೆ', ಹೀಗೆ ಹೆಸರು ಕೊಡ್ತಾ ಹೋಗ್ರಿ. ಅವು ಜಾಗ ತಗೊಳ್ಳುವುದಿಲ್ಲ. ಆಮೇಲೆ ಕೆಳಗೆ "ಇಫ್ ಕೋಕ" ಅಂತ ಬರೆದರೆ ಸಾಕು, ಗುರುತು 'ಕೆ' ಇದೆಯಾ ಅಂತ ಅದೇ ನೋಡಿಕೊಳ್ಳುತ್ತದೆ. ಪ್ರೋಗ್ರಾಂ ಓದಿದರೆ ನಿಮ್ಮ ಧಣಿಗೂ ಅರ್ಥ ಆಗಬೇಕು, ಅಷ್ಟು ಚೆಂದ.

ಹಾಂ, ಕಾಂಪ್-3 (ಅಂಕೆಗಳನ್ನು ಒತ್ತಿ ಕಡಿಮೆ ಜಾಗದಲ್ಲಿ ಇಡುವ ರೀತಿ) ಕೇಳೇ ಕೇಳ್ತಾರೆ. ಎಸ್9(7)ವಿ99 ಕಾಂಪ್-3 ಎಷ್ಟು ಬೈಟ್? ಒಂಬತ್ತು ಅಂಕೆ, ಒಂದೊಂದಕ್ಕೆ ಅರ್ಧ ಬೈಟ್. ಪ್ಲಸ್-ಮೈನಸ್ ಗುರುತಿಗೆ ಅರ್ಧ. ಹತ್ತು ಅರ್ಧ, ಐದು ಬೈಟ್. ಸುಮ್ಮನೆ ಬಿಟ್ಟರೆ ಒಂಬತ್ತು ಆಗುತ್ತಿತ್ತು. ಡಿಸ್ಕಿಗೆ ಬಂಗಾರದ ಬೆಲೆ ಇದ್ದ ಕಾಲದ ಲೆಕ್ಕಾಚಾರ, ಇವತ್ತಿಗೂ ಎಲ್ಲ ಫೈಲಿನಲ್ಲೂ ಅದೇ. ಮೊದಲು ಹೇಳಿದ ಎಸ್ ಜೀರೋ ಸಿ ಸೆವೆನ್ ಹೆಚ್ಚಾಗಿ ಬೀಳುವುದು ಇಲ್ಲೇ.

ಆದೋನಿ_ಹತ್ತಿ

ಅಣ್ಣಾ, 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ಗವರ್ನರ್ ಕೋಬಾಲ್ ಗೊತ್ತಿರುವವರು ಬನ್ನಿ ಅಂತ ಕರೆದರಲ್ಲ, ಕೊರೊನಾದಲ್ಲಿ ಕೆಲಸ ಕಳಕೊಂಡವರ ಭತ್ಯೆಯ ಅರ್ಜಿ ರಾಶಿ ಬಿದ್ದಾಗ. ಅಮೀರ್‌ಪೇಟೆಯಲ್ಲಿ ಈಗಲೂ ಅದನ್ನೇ ಹೇಳಿ ಕೋರ್ಸ್ ಮಾರುತ್ತಾರೆ.

ಜತ್ತದ_ಗೆಳೆಯ

ಅವರು ಕರೆದದ್ದು ಅನುಭವಸ್ಥರನ್ನು, ಅದೂ ಸ್ವಯಂಸೇವಕರಾಗಿ. ನಮ್ಮಂಥವರ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ ತಮ್ಮಾ.

ಸೀತಾಂಗೋಳಿ_ಕಾಮರ್ಸ್

ಕೊನೆಯ ಪ್ರಶ್ನೆ. ಒಂದೊಂದೇ ಬಿಲ್ ಟೈಪ್ ಮಾಡಿ ಸಾಕಾಯಿತು. ಎಕ್ಸೆಲ್‌ನಿಂದ ಸಿಎಸ್‌ವಿ (ಮಧ್ಯೆ ಅಲ್ಪವಿರಾಮ ಇಟ್ಟ ಪಠ್ಯ ಫೈಲು) ತೆಗೆದು ಒಮ್ಮೆಗೆ ಓದಿಸಲು ಹೊರಟೆ. ಓಪನ್ ಮಾಡುವಲ್ಲೇ ನಿಂತಿತು. ಸ್ಟೇಟಸ್ 35 ಅಂತ ಬರುತ್ತದೆ.

ಐಟಿ_ಟೀಚರ್_ಮುಳ್ಳೇರಿಯ

35 ಅಂದರೆ ಹೇಳಿದ ಜಾಗದಲ್ಲಿ ಆ ಫೈಲು ಇಲ್ಲ. ಪ್ರೋಗ್ರಾಂ ಇರುವ ಫೋಲ್ಡರಿಗೇ ಸಿಎಸ್‌ವಿಯನ್ನು ಕಾಪಿ ಮಾಡಿ. ದೊಡ್ಡಕ್ಷರ, ಸಣ್ಣಕ್ಷರ ನೋಡಿ, ಲಿನಕ್ಸ್‌ಗೆ ಅವೆರಡೂ ಬೇರೆ. ಫೈಲಿನ ಹೆಸರು ಹೇಳುವ ಸೆಲೆಕ್ಟ್ ಸಾಲಿನಲ್ಲಿ ಲೈನ್ ಸೀಕ್ವೆನ್ಷಿಯಲ್ (ಒಂದು ಸಾಲು, ಒಂದು ರೆಕಾರ್ಡ್) ಅಂತ ಇರಲಿ. ಫೈಲು ಮುಗಿದಾಗ 10 ಬರುತ್ತದೆ, ಅದು ತಪ್ಪಲ್ಲ.

ನಿವೃತ್ತ_ಬದಿಯಡ್ಕ

ಅದು ಸರಿಯಾದ ಕೂಡಲೇ ಇನ್ನೊಂದು ಬರುತ್ತದೆ, ಈಗಲೇ ಹೇಳುತ್ತೇನೆ. ಸಾಲನ್ನು ಅಲ್ಪವಿರಾಮದಲ್ಲಿ ತುಂಡು ಮಾಡಲು ಅನ್‌ಸ್ಟ್ರಿಂಗ್ ಬಳಸಿ. ಆದರೆ ಸಿಎಸ್‌ವಿಯಲ್ಲಿ 37.650 ಅಂತ ಚುಕ್ಕೆ ನಿಜವಾಗಿ ಇರುತ್ತದೆ, ನಿಮ್ಮ ವಿ ಬರೀ ಸೂಚನೆ. ನೇರವಾಗಿ ತೂಕಕ್ಕೆ ಹಾಕಿದರೆ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಮೊದಲು ಒಂದು ಎಕ್ಸ್ ಜಾಗಕ್ಕೆ ತಗೊಂಡು, ಅಕ್ಷರವಾಗಿರುವುದನ್ನು ಸಂಖ್ಯೆ ಮಾಡುವ ಫಂಕ್ಷನ್ ನಮ್‌ವ್ಯಾಲ್ ಮೂಲಕ ತೂಕಕ್ಕೆ ದಾಟಿಸಿ.

ಸೀತಾಂಗೋಳಿ_ಕಾಮರ್ಸ್

ಫೈಲಿನ ಹೆಸರಿನಲ್ಲಿ ಒಂದು ದೊಡ್ಡಕ್ಷರ ಇತ್ತು ಟೀಚರ್, ಅದೇ. ನಮ್‌ವ್ಯಾಲ್ ಹಾಕಿದೆ ಸರ್. ಒಂದು ವಾರದ ಬಿಲ್ ಅಷ್ಟೂ ಓದಿ ಒಟ್ಟು ಮೊತ್ತ ಕೊಟ್ಟಿತು, ಟ್ಯಾಲಿ ಜೊತೆ ಪೈಸೆಗೆ ಪೈಸೆ ತಾಳೆ ಆಯಿತು. ಇನ್ನು ಝಡ್ ಎಕ್ಸ್‌ಪ್ಲೋರ್‌ಗೆ ಹೆಸರು ಕೊಡುತ್ತೇನೆ.

ಜತ್ತದ_ಗೆಳೆಯ

ಕೊಡ್ರಿ. ಅಲ್ಲಿ ಸಾಮಾನ್ಯವಾಗಿ ಲೈನ್ ಸೀಕ್ವೆನ್ಷಿಯಲ್ ಅಂತ ನಡೆಯೋದಿಲ್ಲ, ಹೆಚ್ಚಾಗಿ ರೆಕಾರ್ಡ್ ಅಂದರೆ ಇಷ್ಟೇ ಉದ್ದ ಅಂತ ಕಟ್ಟಿಟ್ಟ ಫೈಲು. ಜೆಸಿಎಲ್‌ನಲ್ಲಿ ಸಿಕ್ಕಿಬಿದ್ದಾಗ ಬೇರೆ ಥ್ರೆಡ್ ಹಾಕ್ರಿ. ಇದು ಉದ್ದ ಆಯ್ತು, ನನ್ನ ಮೊಬೈಲ್‌ನಲ್ಲಿ ಲೋಡ್ ಆಗಲಿಕ್ಕೇ ತಡ ಆಗ್ತಿದೆ.